ಶುಗರ್-75 ಸ್ವೀಟ್ ಕಾರ್ನ್ ಬೀಜ: ಸಿಹಿಗೆ ಪೂರ್ತಿ ಅಂಕ, ಬಿತ್ತನೆಯಲ್ಲಿ ಎಚ್ಚರ

ಸಿಂಜೆಂಟಾ ಬೀಜ ಕಂಪನಿಯ ಈ ಹೈಬ್ರಿಡ್ ಅನ್ನು ಕುಶಾಲನಗರ, ಸೋಮವಾರಪೇಟೆ ಕಡೆಯ ಹೊಲಗಳಿಗೂ ನೀರಿನ ಅನುಕೂಲವಿರುವ ಗದ್ದೆಗಳಿಗೂ ಧೈರ್ಯವಾಗಿ ಆರಿಸಬಹುದು. ಪೊಟ್ಟಣದಲ್ಲಿ ಬೀಜ ಸುಕ್ಕುಗಟ್ಟಿರುವುದು ಕಂಡು ಹಳೇ ಮಾಲು ಎಂದುಕೊಳ್ಳಬೇಡಿ. ಇದು ಸೂಪರ್ ಸ್ವೀಟ್ ಜಾತಿ. ಸಕ್ಕರೆ ಪಿಷ್ಟವಾಗುವುದನ್ನು ಶ್ರಂಕನ್-2 ಜೀನ್ ತಡೆಯುತ್ತದೆ, ಅದಕ್ಕೇ ಕಾಳು ಒಣಗಿದಾಗ ಮುದುಡುತ್ತದೆ.

ಪಿಷ್ಟ ಕಡಿಮೆಯಾದ್ದರಿಂದ ಮೊಳಕೆಗೆ ಕಸುವೂ ಕಡಿಮೆ. ಭತ್ತ ಕೊಯ್ದ ಕೂಡಲೇ, ಡಿಸೆಂಬರ್ ಚಳಿಯ ಹಸಿ ಗದ್ದೆಗೆ ಬಿತ್ತಿದರೆ ಬೀಜ ಕೊಳೆಯುತ್ತದೆ. ಮಣ್ಣು 16 ಡಿಗ್ರಿ ದಾಟಲಿ, ಹೆಂಟೆ ಒಡೆದು ಪುಡಿಯಾಗಲಿ. ರಾತ್ರಿಯಿಡೀ ನೆನೆಹಾಕಬೇಡಿ: ಇಂಥ ಬೀಜ ಒಮ್ಮೆಗೇ ನೀರು ಹೀರಿದರೆ ಒಳಗೆ ಸೀಳುತ್ತದೆ. ಆಳ 2.5 ಸೆಂ.ಮೀ. ಸಾಕು. ಸಾಲಿಂದ ಸಾಲಿಗೆ 60, ಗಿಡದಿಂದ ಗಿಡಕ್ಕೆ 20–25 ಸೆಂ.ಮೀ. ಜಾಗ ಚಿಕ್ಕದಾದರೂ ಒಂದೇ ಉದ್ದ ಸಾಲು ಬೇಡ, ನಾಲ್ಕು ಗಿಡ್ಡ ಸಾಲು ಮಾಡಿ. ಪರಾಗ ಸಾಲದೆ ಹೋದರೆ ತೆನೆ ಬೊಕ್ಕಾಗುತ್ತದೆ.

‘ಬೀಜ ಮೋಸ, ಸಿಹಿಯೇ ಇಲ್ಲ’ ಎನ್ನುವವರು ಮೊದಲು ಪಕ್ಕದ ಹೊಲ ನೋಡಲಿ. ಮಾಮೂಲಿ ಮುಸುಕಿನ ಜೋಳದ ಪರಾಗ ಬಿದ್ದ ಕಾಳು ಅದೇ ವರ್ಷ, ಅದೇ ತೆನೆಯಲ್ಲೇ ಪಿಷ್ಟದ ಕಾಳಾಗುತ್ತದೆ. ಮುಸುಕಿನ ಜೋಳ ಹೆಚ್ಚಾಗಿ ಬೆಳೆಯುವ ಕಡೆ ಇದೇ ದೊಡ್ಡ ತೊಡಕು. ಕನಿಷ್ಠ 100 ಮೀಟರ್ ಅಂತರ ಬಿಡಿ. ಆಗದಿದ್ದರೆ ಎರಡರ ಹೂ ಬಿಡುವ ಕಾಲ 15 ದಿನ ಹಿಂದುಮುಂದಾಗುವಂತೆ ಬಿತ್ತಿ. ಸೈನಿಕ ಹುಳುವಿಗೆ ಎಳೆಗಿಡದಿಂದಲೇ ಸುಳಿ ಬಿಡಿಸಿ ನೋಡುತ್ತಿರಬೇಕು. ತೆನೆ ಹೊಕ್ಕ ಮೇಲೆ ಔಷಧಿ ತಾಗುವುದಿಲ್ಲ, ತಿನ್ನುವ ತೆನೆಗೆ ಹೊಡೆಯುವುದೂ ಸರಿಯಲ್ಲ.

ತೆನೆಯ ತುದಿಯಲ್ಲಿ ರೇಷ್ಮೆಯಂಥ ಎಳೆ ಹೊರಬಂದ 18ರಿಂದ 22 ದಿನಕ್ಕೆ, ಬೆಳಗಿನ ತಂಪಿನಲ್ಲಿ ಮುರಿಯಿರಿ. ಉಗುರಿನಿಂದ ಚುಚ್ಚಿದರೆ ಬರುವ ಹಾಲು ತೆಳ್ಳಗಿರುತ್ತದೆ. ಗಟ್ಟಿಯಾಗಲೆಂದು ಕಾದರೆ ಸಿಪ್ಪೆ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ.

ಇನ್ನು ರುಚಿ. ಐದು ನಿಮಿಷ ಬೇಯಿಸಿದರೆ ಕಾಳು ಗರಿಗರಿ, ರಸಭರಿತ. ಎರಡು ಮೂರು ದಿನ ಫ್ರಿಜ್ಜಿನಲ್ಲಿಟ್ಟರೂ ಸಿಹಿ ಉಳಿಯುತ್ತದೆ. ಸೂಪರ್ ಸ್ವೀಟ್‌ಗೂ ಮುಂಚಿನ, ‘ಶುಗರಿ’ ಎಂಬ ಹಳೆಯ ಸ್ವೀಟ್ ಕಾರ್ನ್ ಜಾತಿಯಲ್ಲಿ ಅದು ಬೇಗ ಇಳಿಯುತ್ತಿತ್ತು. ಆದರೆ ಆ ಹಳೆಯ ಜಾತಿಯ ಕೆನೆಯಂಥ ಮೃದುತನ ಇದರಲ್ಲಿಲ್ಲ, ಜೋಳದ ಘಮವೂ ಸಕ್ಕರೆಯಡಿ ಮುಚ್ಚಿಹೋಗುತ್ತದೆ. ತಳಿಗಾರರು ಇನ್ನು ಸಿಹಿ ಏರಿಸುವ ಬದಲು ತೆಳು ಸಿಪ್ಪೆ, ಕೆನೆತನದ ಕಡೆ ದುಡಿಯಬೇಕು. ಕೆಂಡದಲ್ಲಿ ಸುಟ್ಟು ಉಪ್ಪು-ಖಾರ ಸವರಿ ತಿನ್ನಲು ನಮ್ಮ ಮಾಮೂಲಿ ಜೋಳದ ಎಳೆ ತೆನೆಯೇ ಮೇಲು.

ಬೆಳೆದ ತೆನೆಯಿಂದ ಬೀಜ ಎತ್ತಿಡಬೇಡಿ. ಬೇರೆ ಪರಾಗ ಬೀಳದಿದ್ದರೆ ಸಿಹಿ ಉಳಿದೀತು, ಆದರೆ ಗಿಡದ ಎತ್ತರ, ತೆನೆಯ ಗಾತ್ರ, ಸಿಪ್ಪೆಯ ದಪ್ಪ ಗಿಡಕ್ಕೊಂದು ತರವಾಗುತ್ತದೆ.