ಆಕ್ಟಿಂಗ್ ಡ್ರೈವರ್ ತೋರಿಸೋ ಹೊರರಾಜ್ಯದ ಡಿಎಲ್ ನೋಡಿ ಗಾಡಿ ಕೀ ಕೊಡಬೇಡಿ

ಟ್ರಾವೆಲ್ಸ್ ಗಾಡಿ ಇಟ್ಟವರು, ಊರಿಗೆ ಹೋಗುವಾಗ ಮನೆ ಕಾರಿಗೆ ಆಕ್ಟಿಂಗ್ ಡ್ರೈವರ್ (ದಿನದ ಲೆಕ್ಕಕ್ಕೆ ಬರುವ ಬಾಡಿಗೆ ಡ್ರೈವರ್) ಕರೆಸುವವರು ದಯವಿಟ್ಟು ಓದಿ. ಕರ್ನಾಟಕದ ಡಿಎಲ್ ಸಸ್ಪೆಂಡ್ ಆಗಿರುವ ಡ್ರೈವರ್‌ನನ್ನು ಪಕ್ಕದ ರಾಜ್ಯದ ಇನ್ನೊಂದು ಡಿಎಲ್ ಮೇಲೆ ಡ್ಯೂಟಿಗೆ ಕಳಿಸುವ ಬ್ರೋಕರ್‌ಗಳಿದ್ದಾರೆ. ಕಮಿಷನ್ ಅವರಿಗೆ, ಕೇಸು ಓನರ್‌ಗೆ.

ನಮಗೆ ವಾಟ್ಸಾಪಲ್ಲಿ ಬಂದದ್ದು ಟಿಎನ್ ನಂಬರಿನ ಕಾರ್ಡು. ಸರ್ಕಾರದ ಡಿಎಲ್ ವೆಬ್‌ಸೈಟ್ ಆದ ಸಾರಥಿ ಪೋರ್ಟಲ್‌ನಲ್ಲಿ ಡಿಎಲ್ ನಂಬರು, ಹುಟ್ಟಿದ ದಿನಾಂಕ ಹಾಕಿದರೆ ‘ಆಕ್ಟಿವ್’ ಅಂತಲೇ ಬಂತು. ಇನ್ನೇನು ನೋಡಬೇಕು ಹೇಳಿ? ರಾತ್ರಿ ತಪಾಸಣೆಯಲ್ಲಿ ಪೊಲೀಸರು ಡಿಎಲ್ ಕೇಳಿದಾಗ ಆ ಪುಣ್ಯಾತ್ಮ, ಕಾರ್ಡು ರೂಮಲ್ಲಿದೆ ಅಂತ ಡಿಜಿಲಾಕರ್ ತೆರೆದಿದ್ದಾನೆ. ಅದರಲ್ಲಿ ಇದ್ದದ್ದು ಕೆಎ ನಂಬರಿನ ಹಳೇ ಡಿಎಲ್. ಅದನ್ನು ಅವರ ಮಷಿನ್‌ಗೆ ಹಾಕಿದ ಕೂಡಲೇ ಸಸ್ಪೆಂಡೆಡ್. ಹಿಂದೆ ಕುಡಿದು ಓಡಿಸಿದ ಕೇಸಿನಲ್ಲಿ ಆಗಿದ್ದು! ಆಮೇಲೆ ಗಾಬರಿಯಲ್ಲಿ ಟಿಎನ್ ಕಾರ್ಡಿನ ಫೋಟೊ ತೋರಿಸಿ ಇದ್ದದ್ದನ್ನೂ ಕೆಡಿಸಿದ. ಗಾಡಿ ಸೀಜ್.

ಬ್ರೋಕರ್‌ಗೆ ಫೋನ್ ಮಾಡಿದರೆ ಬಂದ ಉತ್ತರ ನೋಡಿ. “ಸಾರ್, ಸಸ್ಪೆಂಡ್ ಆಗಿರೋದು ಕರ್ನಾಟಕದ್ದು. ತಮಿಳುನಾಡಿಂದು ಕ್ಲೀನಾಗೇ ಇದೆಯಲ್ಲ?” ಹಾಗಾದ್ರೆ ಗಾಡಿ ಯಾಕಪ್ಪಾ ಹಿಡಿದ್ರು ಅಂದರೆ, “ಎಲ್ರೂ ಮಾಡ್ತಾರೆ ಸಾರ್, ನಿಮ್ಮ ಟೈಮ್ ಸರಿಯಿರ್ಲಿಲ್ಲ.” ಕೊನೆಗೆ, “ನೀವು ಡಿಎಲ್ ಕೇಳಿದ್ರಿ, ಕೊಟ್ಟೆ. ಇನ್ನೊಂದು ಇದೆಯಾ ಅಂತ ನೀವು ಕೇಳ್ಲೇ ಇಲ್ವಲ್ಲ?” ಈ ಮಾತಿಗೆ ಮೈಯೆಲ್ಲ ಉರಿದುಹೋಯ್ತು. ಗೊತ್ತಿದ್ದೇ ಕಳಿಸಿದ್ದ ಅನ್ನೋದು ಅಲ್ಲಿಗೆ ಖಾತ್ರಿ. ಕಮಿಷನ್ ವಾಪಸ್ ಕೇಳಿದ ಮೇಲೆ ಫೋನೇ ಎತ್ತುತ್ತಿಲ್ಲ.

‘ಆ ರಾಜ್ಯದ್ದು ಕ್ಲೀನು’ ಅನ್ನೋದು ಶುದ್ಧ ಸುಳ್ಳು. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 6ರ ಪ್ರಕಾರ ಒಂದು ಡಿಎಲ್ ಚಾಲ್ತಿಯಲ್ಲಿರುವಾಗ ಇನ್ನೊಂದು ಇಟ್ಟುಕೊಳ್ಳುವಂತೆಯೇ ಇಲ್ಲ. ಡಿಎಲ್ ಇಡೀ ದೇಶಕ್ಕೆ ನಡೆಯುತ್ತೆ, ಹಾಗೇ ಸಸ್ಪೆನ್ಷನ್ ಕೂಡ. ಸೆಕ್ಷನ್ 23ರಲ್ಲಿ ಅನರ್ಹತೆ ಬೀಳೋದು ಆ ಮನುಷ್ಯನ ಮೇಲೆ. ಆ ಅವಧಿಯಲ್ಲಿ ಅವನು ಯಾವ ರಾಜ್ಯದ ಡಿಎಲ್ಲನ್ನೂ ಪಡೆಯುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಪಡೆದರೆ, ಅಥವಾ ಗಾಡಿ ಓಡಿಸಿದರೆ, ಸೆಕ್ಷನ್ 182: 3 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಹಾಗೆ ಪಡೆದ ಡಿಎಲ್‌ಗೆ ಬೆಲೆಯೇ ಇಲ್ಲ. ಅಂಥವನ ಕೈಗೆ ಗಾಡಿ ಕೊಟ್ಟ ಓನರ್‌ಗೆ ಸೆಕ್ಷನ್ 180: 3 ತಿಂಗಳವರೆಗೆ ಜೈಲು, ಅಥವಾ 5,000 ದಂಡ, ಅಥವಾ ಎರಡೂ.

ಮತ್ತೆ ‘ಆಕ್ಟಿವ್’ ಯಾಕೆ ಬಂತು? ಪೋರ್ಟಲ್ ತೋರಿಸೋದು ನೀವು ಹಾಕಿದ ಆ ಒಂದು ನಂಬರಿನ ಸ್ಥಿತಿ, ಅಷ್ಟೇ. ಕೆಎ ಕಾರ್ಡಿನಲ್ಲಿ ಇನಿಷಿಯಲ್ ಹೆಸರಾದ ಮೇಲೆ ಇತ್ತು, ಟಿಎನ್ ಕಾರ್ಡಿನಲ್ಲಿ ಹೆಸರಿಗೆ ಮೊದಲು, ಸ್ಪೆಲ್ಲಿಂಗ್‌ನಲ್ಲೂ ಒಂದಕ್ಷರ ಹೆಚ್ಚು. ಬೇಕಂತಲೇ ಮಾಡಿಸಿದ್ದು.

ಆದರೆ ಗುಟ್ಟು ನಂಬರಿನಲ್ಲೇ ಇರುತ್ತೆ. ಮೊದಲ ಎರಡು ಅಕ್ಷರ ರಾಜ್ಯ, ಆಮೇಲಿನ ಎರಡು ಅಂಕಿ ಆರ್‌ಟಿಒ, ಅದರ ಮುಂದಿನ ನಾಲ್ಕು ಅಂಕಿ ಡಿಎಲ್ ಕೊಟ್ಟ ವರ್ಷ. ‘ಹದಿನೈದು ವರ್ಷದಿಂದ ಲೈನಲ್ಲಿದೀನಿ’ ಅನ್ನುವವನ ನಂಬರಿನಲ್ಲಿ 2023 ಅಂತ ಇದ್ದರೆ, ಅದಕ್ಕೂ ಮುಂಚೆ ಯಾವ ಡಿಎಲ್ ಮೇಲೆ ಓಡಿಸ್ತಿದ್ದೆ ಅಂತ ಕೇಳಿ. ನಿಜವಾಗಿ ಊರು ಬಿಟ್ಟು ಬಂದವನು ಇರುವ ಡಿಎಲ್‌ನಲ್ಲೇ ವಿಳಾಸ ಬದಲಾಯಿಸಿಕೊಳ್ಳಬಹುದು, ಹೊಸದು ಯಾಕೆ ಬೇಕು? ವಾಟ್ಸಾಪ್ ಫೋಟೊ ಸಾಲದು. ಅವನ ಫೋನಲ್ಲೇ ನಿಮ್ಮೆದುರಿಗೆ ಡಿಜಿಲಾಕರ್ ತೆರೆಸಿ.

ಇನ್ಶೂರೆನ್ಸ್ ಇದೆಯಲ್ಲ ಅಂತ ಧೈರ್ಯವಾಗಿರಬೇಡಿ. ಅಪಘಾತ ಆದರೆ ನಿಮ್ಮ ಗಾಡಿಯ ಡ್ಯಾಮೇಜ್ ಕ್ಲೇಮ್ ತಿರಸ್ಕರಿಸೋಕೆ ಕಂಪನಿ ಡ್ರೈವರ್‌ನ ಡಿಎಲ್ ಸರಿಯಿಲ್ಲ ಅನ್ನೋದನ್ನೇ ಕಾರಣ ಮಾಡಿಕೊಳ್ಳಬಹುದು. ಎದುರಿನವರ ಪರಿಹಾರವನ್ನು ಮೊದಲು ಕಂಪನಿಯಿಂದ ಕೊಡಿಸಿ, ಆಮೇಲೆ ಓನರ್‌ನಿಂದ ವಸೂಲಿ ಮಾಡಿಕೊಳ್ಳಿ ಅಂತ ಕೋರ್ಟು ಹೇಳಬಹುದು. ಆದರೆ ಎದುರಿನವರ ಪರಿಹಾರದ ವಿಚಾರದಲ್ಲಿ, ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ: ಕಂಪನಿ ಹೊಣೆ ತಪ್ಪಿಸಿಕೊಳ್ಳೋಕೆ ಡಿಎಲ್ ಸರಿಯಿಲ್ಲ ಅಂದರೆ ಸಾಲದು, ಓನರ್ ಎಚ್ಚರ ವಹಿಸಲಿಲ್ಲ ಅನ್ನೋದನ್ನೂ ಕಂಪನಿಯೇ ಸಾಬೀತು ಮಾಡಬೇಕು. ಹಾಗಾಗಿ ಸಾರಥಿ ಪುಟದ ಪ್ರಿಂಟ್, ಬ್ರೋಕರ್ ಕಳಿಸಿದ ಮೆಸೇಜು ಯಾವುದನ್ನೂ ಅಳಿಸಬೇಡಿ. ‘ನನ್ನ ಬಳಿ ಬೇರೆ ಡಿಎಲ್ ಇಲ್ಲ, ಯಾವುದೂ ಸಸ್ಪೆಂಡ್ ಆಗಿಲ್ಲ’ ಅಂತ ಡ್ರೈವರ್ ಕೈಯಲ್ಲೇ ಬರೆಸಿ ಸಹಿ ಹಾಕಿಸಿಕೊಳ್ಳಿ. ಬರೆಯೋಕೆ ಹಿಂದೆಮುಂದೆ ನೋಡಿದರೆ ಬಸ್‌ಚಾರ್ಜ್ ಕೊಟ್ಟು ವಾಪಸ್ ಕಳಿಸಿ.

ಸಸ್ಪೆಂಡ್ ಆಗಿರುವ ಡ್ರೈವರ್‌ಗಳಿಗೂ ಒಂದು ಮಾತು. ಆರ್‌ಟಿಒ ಆದೇಶ ಕೈಗೆ ಬಂದ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಬಹಳಷ್ಟು ಸಸ್ಪೆನ್ಷನ್ 3 ತಿಂಗಳದ್ದು. ಅದನ್ನು ಕಾಯಲಾರದೆ ಬ್ರೋಕರ್ ಕೈಗೆ ದುಡ್ಡು ಕೊಟ್ಟು ಎರಡನೇ ಡಿಎಲ್ ಮಾಡಿಸಿದರೆ ಸೆಕ್ಷನ್ 182ರ ಕೇಸಿನಲ್ಲಿ ಕೋರ್ಟಿಗೆ ಅಲೆಯೋದು ನೀವೇ, ಅವನು ಬರಲ್ಲ.