ನೀಲಿ ಸ್ವೀಟ್ ವಿಲಿಯಂ ಬೀಜ ತರಿಸಬೇಡಿ, ಅಂಥ ಹೂವೇ ಇಲ್ಲ

ಆನ್‌ಲೈನ್‌ನಲ್ಲಿ ಸ್ವೀಟ್ ವಿಲಿಯಂ ಬೀಜ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಫೋಟೋದಲ್ಲಿ ನೀಲಿ ಹೂವಿದ್ದು, ಪಕ್ಕದಲ್ಲಿ "45 ದಿನಕ್ಕೆ ಹೂ, ಯಾವ ಹವೆಗೂ ಆಗುತ್ತೆ" ಅಂತ ಬರೆದಿದ್ದರೆ ಅಲ್ಲಿಂದ ಹೊರಗೆ ಬಂದುಬಿಡಿ.

ಸ್ವೀಟ್ ವಿಲಿಯಂನಲ್ಲಿ ಬಿಳಿ ಇದೆ, ಗುಲಾಬಿ ಇದೆ, ಕೆಂಪು ಇದೆ, ನೇರಳೆ ಇದೆ. ಕಪ್ಪಿಗೆ ಹತ್ತಿರ ಅನಿಸುವ ಕಡುಗೆಂಪೂ ಇದೆ. ಒಂದೇ ಹೂವಿನಲ್ಲಿ ಎರಡು ಬಣ್ಣದ ಉಂಗುರ ಇರುವುದಂತೂ ಎಷ್ಟು ಚೆಂದ! ಆದರೆ ನೀಲಿ ಇಲ್ಲ. ಎಷ್ಟೋ ಹೂಗಳಿಗೆ ನೀಲಿ ಕೊಡುವ ಡೆಲ್ಫಿನಿಡಿನ್ ಅನ್ನುವ ಬಣ್ಣವಸ್ತು ಈ ಗಿಡದಲ್ಲಿ ತಯಾರಾಗುವುದೇ ಇಲ್ಲ. ಇದರ ಹತ್ತಿರದ ಬಳಗದ ಕಾರ್ನೇಷನ್‌ನಲ್ಲೂ ಅಷ್ಟೇ. ಅದಕ್ಕೆ ನೀಲಿಯ ಛಾಯೆ ತರಬೇಕಾದರೆ ಪ್ರಯೋಗಾಲಯದಲ್ಲಿ ಬೇರೆ ಗಿಡದ ಜೀನ್ ಸೇರಿಸಬೇಕಾಯಿತು. ಹಾಗಾಗಿ ಆ ಫೋಟೋ ಕಂಪ್ಯೂಟರಿನಲ್ಲಿ ಬಣ್ಣ ಬಳಿದದ್ದು, ಅಷ್ಟೇ.

ನಾನು ತರಿಸಿದ್ದು ಮಿಶ್ರ ಬಣ್ಣದ ಪ್ಯಾಕೆಟ್. ನನಗೆ ಬೇಕಿದ್ದದ್ದು ನಡುವೆ ಬಿಳಿ ಕಣ್ಣಿರುವ ಕೆಂಪು ಹೂ. ದುಡ್ಡು ಕಟ್ಟುವ ಮೊದಲೇ ಮಾರುವವರಿಗೆ ಮೆಸೇಜ್ ಹಾಕಿ ಕೇಳಿದ್ದೆ: "ಇದು ಎರಡು ವರ್ಷದ ಗಿಡ ಅಲ್ವಾ? ಮೊದಲ ವರ್ಷ ಬರೀ ಎಲೆ, ಚಳಿಗಾಲ ಕಳೆದ ಮೇಲೆ ಎರಡನೇ ವರ್ಷ ಹೂ, ಅಲ್ವಾ?" ಉತ್ತರ ತಕ್ಷಣ ಬಂತು. "ಇಲ್ಲ ಮೇಡಂ, ನಮ್ಮದು ಒಂದೇ ವರ್ಷದ ತಳಿ. 45 ದಿನ ಗ್ಯಾರಂಟಿ." ಮೊದಲ ವರ್ಷವೇ ಹೂ ಬಿಡುವ ತಳಿಗಳು ನಿಜಕ್ಕೂ ಇವೆ. ಆ ನಿಜವನ್ನೇ ಹಿಡಿದುಕೊಂಡು ಸುಳ್ಳು ಹೇಳಿದರು. ಆ ಮೆಸೇಜ್ ಇನ್ನೂ ನನ್ನ ಹತ್ತಿರ ಇದೆ. ಮುಂದೆ ಏನಾಯಿತು ಅಂತ ಓದುವಾಗ ಆ "ಗ್ಯಾರಂಟಿ" ಅನ್ನುವ ಮಾತು ನೆನಪಿಟ್ಟುಕೊಳ್ಳಿ.

ನೀರು ಬಸಿದು ಹೋಗುವ ಮಣ್ಣು, ಟ್ರೇ, ಬೀಜದ ಮೇಲೆ ತೆಳ್ಳಗೆ ಮಣ್ಣು, ಹದವಾದ ತೇವ. ಎಲ್ಲಾ ಸರಿಯಾಗಿಯೇ ಮಾಡಿದ್ದೆ. ಮೊಳಕೆಯೂ ಬಂತು. ಆದರೆ ಎಲೆ ಬಿಡುತ್ತಾ ಹೋದ ಹಾಗೆ ಅನುಮಾನ ಶುರುವಾಯಿತು. ಸ್ವೀಟ್ ವಿಲಿಯಂನ ಎಲೆ ಎದುರುಬದುರು ಜೋಡಿಯಾಗಿ ಬರುತ್ತೆ, ಉದ್ದಕ್ಕೆ ಚೂಪಾಗಿ ಇರುತ್ತೆ, ಕಾಂಡದ ಗಿಣ್ಣು ಉಬ್ಬಿರುತ್ತೆ. ನನ್ನ ಟ್ರೇಯಲ್ಲಿ ಬಂದದ್ದು ಒಂದು ಈ ಕಡೆ, ಒಂದು ಆ ಕಡೆ. ಅಗಲ ಎಲೆ, ಅಂಚಿನಲ್ಲಿ ಹಲ್ಲು. ಫೋಟೋ ತೆಗೆದು ಕಳಿಸಿದೆ.

"ಮಣ್ಣಿನ ಸಮಸ್ಯೆ ಮೇಡಂ."

ಮಣ್ಣಿನಿಂದ ಎಲೆಯ ಜೋಡಣೆ ಬದಲಾಗುತ್ತಾ ಅಂತ ಕೇಳಿದೆ.

"ನೀರು ಜಾಸ್ತಿ ಆಗಿದೆ ಮೇಡಂ. ಇದು ಎರಡು ವರ್ಷದ ಗಿಡ, ತಾಳ್ಮೆ ಇರಬೇಕು. ಮುಂದಿನ ವರ್ಷ ನೋಡಿ."

ಎರಡು ವರ್ಷದ ಗಿಡವಂತೆ! ಮಾರುವಾಗ ಒಂದೇ ವರ್ಷದ್ದು, ದೂರು ಕೊಟ್ಟಾಗ ಎರಡು ವರ್ಷದ್ದು. ನಾನು ಕೇಳಿದ ಪ್ರಶ್ನೆಯನ್ನೇ ನನಗೆ ಪಾಠ ಮಾಡಿ ಹೇಳುತ್ತಿದ್ದಾರೆ. ಅವರ ಹಳೆಯ ಮೆಸೇಜಿನ ಫೋಟೋ ತೆಗೆದು ಅವರಿಗೇ ಕಳಿಸಿದೆ. ಉತ್ತರವೇ ಇಲ್ಲ.

ಆಮೇಲೆ ಹೂ ಬಂತು. ಪುಟ್ಟ ಹಳದಿ ಹೂ. ನಾಲ್ಕು ಎಸಳು. ಸ್ವೀಟ್ ವಿಲಿಯಂಗೆ ಐದು ಎಸಳು, ಅಂಚು ಕತ್ತರಿಸಿದ ಹಾಗೆ ಸಣ್ಣ ಹಲ್ಲು ಹಲ್ಲಾಗಿ ಇರುತ್ತೆ, ಕಾಂಡದ ತುದಿಯಲ್ಲಿ ಹೂಗಳೆಲ್ಲಾ ಒತ್ತಾಗಿ ಗೊಂಚಲು ಕಟ್ಟುತ್ತವೆ. ನನ್ನಲ್ಲಿ ಅರಳಿದ್ದು ಸಾಸಿವೆ ಕುಟುಂಬದ ಯಾವುದೋ ಕಳೆ. ಅಕ್ಕಪಕ್ಕದವರಿಗೆಲ್ಲಾ ಸ್ವೀಟ್ ವಿಲಿಯಂ ಬರುತ್ತೆ ಅಂತ ಹೇಳಿದ್ದೆ. ಅವರು ನೋಡಲು ಬಂದಾಗ ಮುಖ ಎಲ್ಲಿ ಇಟ್ಟುಕೊಳ್ಳಲಿ?

ಈ ಫೋಟೋ ಕಳಿಸಿದ್ದಕ್ಕೆ ಬಂದ ಉತ್ತರ ಇದು: "ಹೂ ಬಂತಲ್ಲ ಮೇಡಂ, ಮತ್ತೇನು?"

ಮತ್ತೇನು! ಇದನ್ನು ಓದಿದಾಗ ಮೈಯೆಲ್ಲಾ ಉರಿದುಹೋಯಿತು. ಎರಡು ವರ್ಷದ್ದು ಅಂದ ಗಿಡ ಇಷ್ಟು ಬೇಗ ಹೂ ಬಿಟ್ಟಿದ್ದು ಹೇಗೆ ಅಂತ ಕೇಳಿದೆ. "ಇದು ಹೈಬ್ರಿಡ್, ಸ್ವಲ್ಪ ಬೇರೆ ಥರ ಇರುತ್ತೆ" ಅಂದರು. ಹೈಬ್ರಿಡ್ ಅಂದರೆ ಬಾಯಿಗೆ ಬಂದದ್ದಲ್ಲ ಸ್ವಾಮಿ. ಸ್ವೀಟ್ ವಿಲಿಯಂ ಮತ್ತು ಕಾರ್ನೇಷನ್ ಸೇರಿಸಿ ಲಂಡನ್ನಿನ ಥಾಮಸ್ ಫೇರ್‌ಚೈಲ್ಡ್ ಅನ್ನುವ ತೋಟಗಾರ 1717ರ ಹೊತ್ತಿಗೇ ಮಿಶ್ರತಳಿ ಮಾಡಿದ್ದ. ಅದು ಎರಡೂ ಗಿಡಗಳನ್ನು ಹೋಲುತ್ತಿತ್ತು. ಕಳೆಯನ್ನು ಹೋಲಲಿಲ್ಲ. ಇದನ್ನೂ ಬರೆದು ಕಳಿಸಿದೆ. "ಬೀಜ ಪ್ರಕೃತಿಯದು, ನಾವು ಜವಾಬ್ದಾರರಲ್ಲ. ವಾಪಸ್ ಅವಧಿ ಮುಗಿದಿದೆ." ಅದಾದ ಮೇಲೆ ನನ್ನನ್ನು ಬ್ಲಾಕ್ ಮಾಡಿದರು.

ವಾಪಸ್ ಅವಧಿ 7 ದಿನ. ಸ್ವೀಟ್ ವಿಲಿಯಂ ಬೀಜ ಮೊಳೆಯಲು ಒಂದರಿಂದ ಎರಡು ವಾರ ಬೇಕು. ಲೆಕ್ಕ ಅರ್ಥವಾಯಿತಲ್ಲ? ಮೊಳಕೆ ನೋಡುವ ಮೊದಲೇ ಬಾಗಿಲು ಮುಚ್ಚಿರುತ್ತೆ. ಗಿಡದ ಗುರುತು ಹತ್ತುವುದು ಇನ್ನೂ ಎಷ್ಟೋ ವಾರದ ನಂತರ. ಇವರ ವ್ಯಾಪಾರ ನಡೆಯುವುದೇ ಈ ಸಂದಿಯಲ್ಲಿ. "ಮುಂದಿನ ವರ್ಷ ನೋಡಿ" ಅಂದದ್ದೂ ಇದಕ್ಕೇ. ಒಂದು ವರ್ಷ ಕಳೆದ ಮೇಲೆ ಯಾರು ಜಗಳಕ್ಕೆ ಬರುತ್ತಾರೆ?

ಆಮೇಲೆ ಸ್ನೇಹಿತೆಯೊಬ್ಬರು ತಮ್ಮ ತೋಟದ ಬೀಜ ಒಂದು ಚಿಟಿಕೆ ಕೊಟ್ಟರು. ಬಿಳಿ ಕಾಗದದ ಮೇಲೆ ಅದನ್ನೂ ಪ್ಯಾಕೆಟ್ಟಿನಲ್ಲಿ ಉಳಿದದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಅವರದು ಕಪ್ಪು, ಚಪ್ಪಟೆ. ನನ್ನದು ಕಂದು, ಉರುಟು. ಎರಡಕ್ಕೂ ಸಂಬಂಧವೇ ಇಲ್ಲ. ಅವತ್ತು ಬಂದ ಸಿಟ್ಟು ಹೂ ನೋಡಿದಾಗಲೂ ಬಂದಿರಲಿಲ್ಲ. ಬೀಜ ಮಾರುವವರಿಗೆ ಇದು ಗೊತ್ತಿರಲ್ವಾ? ಗೊತ್ತಿದ್ದೇ ತುಂಬಿ ಕಳಿಸಿದ್ದಾರೆ.

ಅಲ್ಲಿರುವ ಐದು ಸ್ಟಾರ್ ನೋಡಿ ನಂಬಬೇಡಿ. ಕೂತು ಒಂದೊಂದೇ ಓದಿದೆ. "ಪ್ಯಾಕಿಂಗ್ ಚೆನ್ನಾಗಿದೆ", "ಬೇಗ ಬಂತು", "ಇನ್ನೂ ಬಿತ್ತಿಲ್ಲ, ಬಿತ್ತಿ ಹೇಳ್ತೀನಿ". ಹೂ ಬಂದ ಮೇಲೆ ಬರೆದವರು ಒಬ್ಬರೂ ಇಲ್ಲ. ಒಬ್ಬರೂ! ಎಲ್ಲಾ ಲಕೋಟೆ ಕೈಗೆ ಬಂದ ದಿನ ಬರೆದದ್ದು.

ತರಿಸಲೇಬೇಕು ಅಂದರೆ ಡೈಯಾಂಥಸ್ ಬಾರ್ಬೇಟಸ್ ಅನ್ನುವ ಸ್ವೀಟ್ ವಿಲಿಯಂನ ವೈಜ್ಞಾನಿಕ ಹೆಸರು, ತಳಿಯ ಹೆಸರು, ಲಾಟ್ ನಂಬರ್, ಪ್ಯಾಕ್ ಮಾಡಿದ ದಿನಾಂಕ ಇವೆಲ್ಲ ಪ್ಯಾಕೆಟ್ ಮೇಲೆ ಅಚ್ಚಾಗಿರಬೇಕು. ನನಗೆ ಬಂದದ್ದರ ಮೇಲೆ ಒಂದು ಚೀಟಿ ಅಂಟಿಸಿತ್ತು, ಅಷ್ಟೇ. "ಯಾವ ಹವೆಗೂ ಆಗುತ್ತೆ" ಅನ್ನುವವರನ್ನು ಅಲ್ಲೇ ಬಿಡಿ. ಎರಡು ವರ್ಷದ ತಳಿಗೆ ಹೂ ಬಿಡಲು ಚಳಿ ಬೇಕು, ಚಳಿಯೇ ಇಲ್ಲದ ಕಡೆ ಬರೀ ಎಲೆ ನೋಡುತ್ತಾ ಕೂರಬೇಕಾದೀತು. ಪ್ಯಾಕೆಟ್ ಒಡೆಯುವಾಗ ವಿಡಿಯೋ ಮಾಡಿ. ಬಿತ್ತುವ ಮೊದಲು ಬೀಜ ಚಪ್ಪಟೆ ಇದೆಯಾ, ಕಪ್ಪಗಿದೆಯಾ ನೋಡಿ. ಇಲ್ಲದಿದ್ದರೆ ಅದೇ ದಿನ ದೂರು ಹಾಕಿ. ಅವರು ಮಣ್ಣು, ನೀರು, ಬಿಸಿಲು ಅಂತ ಏನೇ ಹೇಳಲಿ, ಬಿತ್ತದ ಬೀಜಕ್ಕೆ ಆ ನೆಪ ನಡೆಯಲ್ಲ.

ಈಗಾಗಲೇ ಬಿತ್ತಿ, ಹಲ್ಲಿನ ಅಂಚಿನ ಎಲೆ ಬಿಡಿಬಿಡಿಯಾಗಿ ಬರುತ್ತಿದ್ದರೆ ಕಾಯಬೇಡಿ. ಹೂ ಬಾಡಿ ಕಾಯಿ ಕಟ್ಟುವ ಮೊದಲೇ ಬೇರುಸಮೇತ ಕಿತ್ತುಬಿಡಿ. ಕಾಯಿ ಕಟ್ಟಿಯೇಬಿಟ್ಟಿದ್ದರೆ ಗೊಬ್ಬರದ ಗುಂಡಿಗೆ ಹಾಕಬೇಡಿ, ಬೀಜ ಉದುರಿದರೆ ಆ ಕಳೆ ತೋಟ ಬಿಟ್ಟು ಹೋಗಲ್ಲ.