ಒಕಾಝಾಕಿ 20 ಜೆರ್ಸಿ: ಬಟ್ಟೆಗೆ ಫುಲ್ ಮಾರ್ಕ್ಸ್, ಪ್ರಿಂಟಿಗೆ ಅರ್ಧ

ಕೊಡಗಿನ ಗೋಣಿಕೊಪ್ಪ ಕಡೆ ಒಂದು ಜೆರ್ಸಿ ಪ್ರಿಂಟಿಂಗ್ ಅಂಗಡೀಲಿ ಮಾಡ್ಸಿದ್ದು, ಅಂಗಡಿ ಹೆಸ್ರು ಹಾಕಲ್ಲ ಯಾಕಂದ್ರೆ ಬೈಯೋದೂ ಸ್ವಲ್ಪ ಇದೆ. ಬೇಕಿದ್ದಿದ್ದು ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಲೆಸ್ಟರ್ ಸಿಟಿಯ 2015-16 ನೀಲಿ ಜೆರ್ಸಿ, ಬೆನ್ನಲ್ಲಿ ಅವ್ರ ಜಪಾನಿ ಸ್ಟ್ರೈಕರ್ ಒಕಾಝಾಕಿ ಹೆಸ್ರು, ಕೆಳಗೆ 20. ಗೋಡೆ ತುಂಬಾ ಮೆಸ್ಸಿ, ರೊನಾಲ್ಡೋ, ನೇಮಾರ್ ನೇತಾಡ್ತಿದ್ರು, ಕೌಂಟರಲ್ಲಿದ್ದ ಹುಡುಗ ಹೆಸ್ರು ಕೇಳಿ "ಯಾರಣ್ಣ ಅದು, ಲೆಸ್ಟರ್ ಅಂದ್ರೆ ವಾರ್ಡಿ ಹಾಕ್ಸಿ, ಎಲ್ರೂ ಅದನ್ನೇ ಹಾಕ್ಸೋದು" ಅಂದ. ತಪ್ಪೇನಿಲ್ಲ ಅವ್ನದ್ದು, ಆ ಸೀಸನ್ ವಾರ್ಡಿ ಲೀಗಲ್ಲಿ ಹೊಡ್ದಿದ್ದು 24 ಗೋಲ್, ಅದೇ ಟೀಮಿನ ಮಹ್ರೆಝ್ 17, ನಮ್ಮ ಒಕಾಝಾಕಿ 36 ಮ್ಯಾಚಲ್ಲಿ ಬರೀ 5. ಸ್ಟ್ರೈಕರ್ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗೋ ಲೆಕ್ಕ.

ಆದ್ರೆ ಆ ಟೀಮಿನ ಮ್ಯಾಚ್ ಪೂರ್ತಿ ಕೂತು ನೋಡಿದವ್ರಿಗೆ ಗೊತ್ತು. ವಾರ್ಡಿ ಮುಂದೆ ಡಿಫೆಂಡರ್ ಹೆಗಲಿಗಂಟಿ ನಿಂತಿರ್ತಿದ್ದ, ಹಿಂದೆ ಎದುರಾಳಿ ಮಿಡ್‌ಫೀಲ್ಡರ್ ಕಾಲಿಗೆ ಬಾಲ್ ಬಂತು ಅಂದ್ರೆ ಒಕಾಝಾಕಿ ಓಡಿ ಬಂದು ಬಿಡ್ತಿದ್ದ, ಆ ಎದುರಾಳಿ ಗಡಿಬಿಡೀಲಿ ಎಲ್ಲಿಗೋ ಪಾಸ್ ಕೊಡ್ತಿದ್ದ, ಅಲ್ಲಿ ಲೆಸ್ಟರಿನ ಮಿಡ್‌ಫೀಲ್ಡರ್ ಕಾಂಟೆ ಕಾಯ್ತಿರ್ತಿದ್ದ, ಅಷ್ಟೇ ಕಥೆ. ಹಾಕಿ ನೋಡಿ ಬೆಳೆದ ನಮ್ಮೂರವ್ರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ, ಫಾರ್ವರ್ಡ್ ಹಿಂದೆ ಬಂದು ಟ್ಯಾಕಲ್ ಮಾಡ್ದಿದ್ರೆ ಗ್ಯಾಲರೀಲಿ ಕೂತಿರೋ ಅಜ್ಜಂದಿರೇ ಬೈತಾರೆ. ಹಂಗೆ ಓಡಿ ಓಡಿ ಎರಡನೇ ಹಾಫ್ ಅರ್ಧಕ್ಕೆ ಬರುವಾಗ ಸುಸ್ತು, ಸೈಡ್‌ಲೈನಲ್ಲಿ ಬೋರ್ಡ್ ಎತ್ತೋರು, ಕೆಂಪು ಲೈಟಲ್ಲಿ 20, ಅಂದ್ರೆ ಒಕಾಝಾಕಿ ಹೊರಗೆ, ಇನ್ನೊಬ್ಬ ಸ್ಟ್ರೈಕರ್ ಉಲ್ಲೋವಾ ಒಳಗೆ. ಆ ನಂಬರ್ ನಂಗೆ ಬೆನ್ನಿಗಿಂತ ಜಾಸ್ತಿ ಆ ಬೋರ್ಡ್ ಮೇಲೇ ನೆನಪಿರೋದು. 5000ಕ್ಕೆ 1 ಅಂತ ಬೆಟ್ಟಿಂಗ್ ರೇಟ್ ಇದ್ದ ಟೀಮು ಆ ಸೀಸನ್ ಪ್ರೀಮಿಯರ್ ಲೀಗ್ ಕಪ್ ಎತ್ತಿದ್ದು ಹಿಂಗೆ ಓಡಿದವ್ರಿಂದಾನೇ ಅಂತ ನನ್ನ ವಾದ, ಯಾರಾದ್ರೂ ಇಲ್ಲ ಅಂದ್ರೆ ಜಗಳಕ್ಕೆ ರೆಡಿ.

ಸರಿ ಜೆರ್ಸಿಗೆ ಬರೋಣ. ಬಟ್ಟೆ ಅವ್ರು ಹೇಳೋ ಥಾಯ್ಲೆಂಡ್ ಕ್ವಾಲಿಟಿ, ಅಂದ್ರೆ ಒರಿಜಿನಲ್ ಅಲ್ಲ, ಬಟ್ ಫುಟ್‌ಪಾತ್ ಮಾಲೂ ಅಲ್ಲ. (ಲೆಸ್ಟರ್ ಓನರೇ ಥಾಯ್ಲೆಂಡಿನವ್ರು, ಎದೆ ಮೇಲಿರೋ ಕಿಂಗ್ ಪವರ್ ಅವ್ರದ್ದೇ ಕಂಪನಿ, ಹಂಗಾಗಿ ಇದು ಒಂಥರಾ ಮನೆ ಮಾಲೇ ಅನ್ಕೊಂಡೆ.) ತೆಳು, ತೂತು ತೂತು ನೇಯ್ಗೆ, ಬೆವರು ಅಂಟಲ್ಲ, ಮಳೇಲಿ ಆಡಿದ್ರೂ ಒದ್ದೆ ಕಂಬಳಿ ಹೊತ್ತಂಗೆ ಭಾರ ಆಗಲ್ಲ. ಬಣ್ಣ ಬಿಟ್ಟಿಲ್ಲ, ಮೊದ್ಲು ಬೇರೆ ಬಕೆಟಲ್ಲಿ ನೆನೆಸಿ ನೋಡಿದ್ದೆ. ಸೈಜ್ ಮಾತ್ರ ಚಿಕ್ಕದು, ಎಲ್ ಹಾಕೋರು ಎಕ್ಸೆಲ್ ತಗೊಳ್ಳಿ, ಹೊಟ್ಟೆ ಇರೋರು ಇನ್ನೊಂದು ಸೈಜ್ ಮೇಲೆ.

ಪ್ರಿಂಟಿಂದೇ ತಲೆನೋವು. ಫಸ್ಟ್ ವಾಟ್ಸಾಪಲ್ಲಿ ಕಳ್ಸಿದ ಡಿಸೈನಲ್ಲಿ ಝಡ್ ಜಾಗದಲ್ಲಿ ಎಸ್ ಇತ್ತು, ಸರಿ ಮಾಡಿ ಅಂದೆ, ಮಾಡಿದ್ರು, ಆಮೇಲೆ ಅಕ್ಷರ ಕಟ್ ಮಾಡೋ ಟೈಮಲ್ಲಿ ಹಳೇ ಫೈಲೇ ಓಪನ್ ಮಾಡ್ಕೊಂಡಿದ್ರು, ನಾನು ಅಲ್ಲೇ ನಿಂತಿದ್ದಕ್ಕೆ ಉಳೀತು. ಹಂಗಾಗಿ ಕಟಿಂಗ್ ಆಗೋವಾಗ ಖುದ್ದಾಗಿ ಹೋಗಿ ನಿಂತ್ಕೊಳ್ಳಿ. ಇವ್ರು ಹಾಕೋದು ವಿನೈಲ್, ಅಂದ್ರೆ ತೆಳು ಪ್ಲಾಸ್ಟಿಕ್ ಹಾಳೇಲಿ ಅಕ್ಷರ ಕತ್ತರಿಸಿ ಹೀಟ್ ಪ್ರೆಸ್ಸಲ್ಲಿ ಒತ್ತಿ ಅಂಟ್ಸೋದು. ಪೂರ್ತಿ ಟೀಮಿಗೆ ಮಾಡ್ಸಿದ್ರೆ ಸಬ್ಲಿಮೇಷನ್ ಮಾಡ್ತಾರೆ, ಅದ್ರಲ್ಲಿ ಬಣ್ಣ ನೂಲೊಳಗೇ ಇಳಿಯುತ್ತೆ, ಕಿತ್ತು ಬರೋ ಪ್ರಶ್ನೇನೇ ಇಲ್ಲ, ಆದ್ರೆ ಅದನ್ನ ಬಿಳಿ ಬಟ್ಟೆಗೆ ಮಾಡಿ ಆಮೇಲೆ ಹೊಲೀಬೇಕು, ಒಂದು ನೀಲಿ ಜೆರ್ಸಿಗೆ ಆಗಲ್ಲ.

ಜುಲೈ ಮಳೆ ಶುರು ಆಯ್ತು, ಬಟ್ಟೆ ಒಣಗೋದಿಲ್ಲ ಅಂತ ಮನೇಲಿ ಬಚ್ಚಲು ಒಲೆ ಮೇಲೆ ಹಗ್ಗ ಕಟ್ಟಿರ್ತೀವಲ್ಲ, ಅಮ್ಮ ಅಲ್ಲಿ ಹಾಕಿದ್ರು. ಬೆಳಿಗ್ಗೆ ನೋಡಿದ್ರೆ ಸೊನ್ನೆಯ ಕೆಳಗಿನ ಎಡಗಡೆ ಅಂಚು ಉಗುರಿನಷ್ಟು ಎದ್ದಿದೆ, ಮುಂದಿನ ಮ್ಯಾಚಲ್ಲಿ ಅದ್ರೊಳಗೆ ಕೆಂಪು ಮಣ್ಣು ಹೋಗಿ ಕೂತ್ಕೊಂಡಿತು, ಈಗ ಬ್ರಷ್ ಹಾಕಿದ್ರೂ ಬರಲ್ಲ. 2 ಗಟ್ಟಿಯಾಗಿದೆ, ಹೆಸರಿನ ಅಕ್ಷರಗಳೂ ಗಟ್ಟಿ. ಅಂಗಡಿಗೆ ತಗೊಂಡು ಹೋದ್ರೆ "ಒಲೆ ಮೇಲೆ ಹಾಕಿದ್ರೆ ನಾವೇನು ಮಾಡೋಣಣ್ಣ" ಅಂದ್ರು. ಕೊಡಗಲ್ಲಿ ಅಂಗಡಿ ಇಟ್ಕೊಂಡು ಹಂಗೆ ಹೇಳೋದು ಸರೀನಾ? ಮಳೆಗಾಲದಲ್ಲಿ ಇಲ್ಲಿ ಯಾರ ಮನೇಲಿ ಬಟ್ಟೆ ಬಿಸಿಲಿಗೆ ಒಣಗುತ್ತೆ, ಕೊಡೋವಾಗ್ಲೇ ಒಂದು ಮಾತು ಹೇಳ್ಬೇಕಿತ್ತು. ಆಮೇಲೆ ಮೇಲೊಂದು ಪೇಪರ್ ಇಟ್ಟು ಮತ್ತೆ ಒತ್ತಿ ಕೊಟ್ರು, ದುಡ್ಡು ತಗೊಳ್ಳಿಲ್ಲ, ಅದನ್ನೂ ಹೇಳ್ಬೇಕಲ್ಲ.

ಹುಡುಗಂಗೆ ಆ ಟೈಮಲ್ಲಿ ಮೊಬೈಲಲ್ಲಿ ನ್ಯೂಕ್ಯಾಸಲ್ ಮೇಲೆ ಒಕಾಝಾಕಿ ಹೊಡ್ದ ಗೋಲ್ ತೋರಿಸ್ದೆ, 2016 ಮಾರ್ಚ್ 14, ವಾರ್ಡಿ ತಲೇಲಿ ತಳ್ಳಿದ ಬಾಲನ್ನ ಗೋಲಿಗೆ ಬೆನ್ನು ಹಾಕಿ ಗಾಳೀಲಿ ಮಲಗಿ ಒದ್ದಿದ್ದು, ಮ್ಯಾಚ್ 1-0. ಮೂರು ಸಲ ರಿವೈಂಡ್ ಮಾಡ್ದ. ಆಮೇಲೆ ಬಾಕಿ ಕಥೇನೂ ಹೇಳ್ದೆ. ಜಪಾನಿನ ಶಿಮಿಝು ಎಸ್-ಪಲ್ಸ್ ಕ್ಲಬ್ಬಲ್ಲಿ 2005ರಲ್ಲಿ ಶುರು ಮಾಡಿ, ಜರ್ಮನೀಲಿ ಸ್ಟುಟ್‌ಗಾರ್ಟಲ್ಲಿ ಮೈದಾನದ ಅಂಚಿಗೆ, ವಿಂಗಿಗೆ ತಳ್ಳಿಸ್ಕೊಂಡು, ಅಲ್ಲಿನ ಇನ್ನೊಂದು ಕ್ಲಬ್ ಮೈನ್ಝಿಗೆ ಬಂದ ಮೇಲೆ ಕೋಚ್ ಟೂಖೆಲ್ ಕೈಕೆಳಗೆ ಮುಂದೆ ಆಡಿ ಮೊದಲ ಸೀಸನಲ್ಲೇ ಲೀಗಲ್ಲಿ 15 ಹೊಡ್ದ. ಅಂದ್ರೆ ಗೋಲ್ ಹೊಡಿಯೋಕೆ ಬರಲ್ಲ ಅಂತಲ್ಲ, ಲೆಸ್ಟರಲ್ಲಿ ಕೆಲ್ಸ ಬೇರೆ ಇತ್ತು. ಜಪಾನಿಗೆ 119 ಮ್ಯಾಚಲ್ಲಿ 50 ಗೋಲ್, ಅವ್ನಿಗಿಂತ ಮೇಲಿರೋದು ಕಮಾಮೋಟೋ, ಮಿಯೂರಾ ಇಬ್ರೇ. ಮೂರು ವರ್ಲ್ಡ್ ಕಪ್ ಆಡಿದಾನೆ, 2010ರಲ್ಲಿ ಡೆನ್ಮಾರ್ಕ್ ಮೇಲೆ ಒಂದು, 2014ರಲ್ಲಿ ಕೊಲಂಬಿಯಾ ಮೇಲೆ ಡೈವ್ ಹೊಡ್ದು ಹೆಡರಲ್ಲಿ ಇನ್ನೊಂದು.

ಹುಡುಗಂಗೆ ಜಾಸ್ತಿ ಹಿಡಿಸಿದ್ದು ಸ್ಪೇನ್ ಕಥೆ. 2019ರಲ್ಲಿ ಒಕಾಝಾಕಿ ಲೆಸ್ಟರ್ ಬಿಟ್ಟು ಅಲ್ಲಿನ ಮಾಲಗಾ ಕ್ಲಬ್ಬಿಗೆ ಸೈನ್ ಮಾಡ್ದ, ಸಂಬಳದ ಲಿಮಿಟ್ ಸಮಸ್ಯೆ ಆಗಿ ಕ್ಲಬ್ಬಿಗೆ ರಿಜಿಸ್ಟರ್ ಮಾಡ್ಸೋಕೇ ಆಗ್ಲಿಲ್ಲ, ಒಂದು ಲೀಗ್ ಮ್ಯಾಚೂ ಆಡ್ದೆ ಹೊರಗೆ. 33ರ ವಯಸ್ಸಲ್ಲಿ ಸೀದಾ ಇನ್ನೊಂದು ಕ್ಲಬ್ ಉಯೆಸ್ಕಾಗೆ ಹೋಗಿ ಟೀಮಿನ ಟಾಪ್ ಸ್ಕೋರರ್, 12 ಗೋಲ್, ಟೀಮು ಎರಡನೇ ಡಿವಿಷನ್ ಗೆದ್ದು ಮೊದಲ ಡಿವಿಷನ್ ಲಾ ಲಿಗಾಗೆ ಏರ್ತು. ಕೊನೆಗೆ ಕಾರ್ಟಹೇನಾ, ಬೆಲ್ಜಿಯಂ ಅಂತ ಸುತ್ತಿ 2024ರಲ್ಲಿ ಆಟ ನಿಲ್ಸಿದ. ಹುಡುಗ ಕೇಳಿ "ಹಂಗಾದ್ರೆ ಉಯೆಸ್ಕಾ ಜೆರ್ಸಿ ಮಾಡ್ಸಿ ಅಣ್ಣ, ಅದು ಯಾರ ಹತ್ರಾನೂ ಇಲ್ಲ" ಅಂತ ಅಲ್ಲೇ ಇನ್ನೊಂದು ಆರ್ಡರ್ ಹಿಡಿಯೋಕೆ ನೋಡ್ದ, ವ್ಯಾಪಾರ ಕಲ್ತಿದಾನೆ.

ನಾನು ಮಾಡ್ಸಿದಾಗ ರೇಟ್ ಜೆರ್ಸಿಗೆ 600, ಹೆಸ್ರು ನಂಬರಿಗೆ 150 ಇತ್ತು, ನನ್ ಪ್ರಕಾರ ಮೋಸ ಇಲ್ಲ. ಉಲ್ಟಾ ಮಾಡಿ ಒಗೀರಿ, ಪ್ರಿಂಟ್ ಮೇಲೆ ನೇರವಾಗಿ ಐರನ್ ಹಾಕ್ಬೇಡಿ, ಒಲೆ ಹತ್ರಾನೂ ಬೇಡ, ಫ್ಯಾನ್ ಕೆಳಗೆ ಎರಡು ದಿನ ಹಾಕಿದ್ರೆ ಒಣಗುತ್ತೆ. ಮತ್ತೆ ಕೌಟುಂಬಿಕ ಹಾಕಿ (ಕೊಡವ ಮನೆತನಗಳ ನಡುವಿನ ಟೂರ್ನಿ) ಟೈಮಲ್ಲಿ, ಸಾಮಾನ್ಯವಾಗಿ ಮಾರ್ಚಿಂದ ಮೇ ಒಳಗೆ, ಆ ಅಂಗಡಿ ಕಡೆ ತಲೇನೂ ಹಾಕ್ಬೇಡಿ. ಮನೆ ಮನೆ ಹೆಸ್ರಿನ ಟೀಮ್ ಜೆರ್ಸಿ ರಾಶಿ ಬಿದ್ದಿರುತ್ತೆ, ನಿಮ್ಮ ಒಂದು ಪೀಸ್ ಯಾವ ಮೂಟೆ ಅಡಿಗೆ ಹೋಯ್ತು ಅಂತ ಅವ್ರಿಗೂ ಗೊತ್ತಿರಲ್ಲ.